ತಾತನ ಅರ್ಜಿ, ಮೊಮ್ಮಗನ ಸೀಲು

ಎಡಿಸನ್ನಿನ ನಮ್ಮ ಮನೆಯಲ್ಲಿ ಕಳೆದ ಶನಿವಾರದಿಂದ ಸರ್ಕಾರಿ ಕಚೇರಿ ನಡೆಯುತ್ತಿದೆ. ಅರ್ಜಿದಾರರು ನನ್ನ ಮಾವನವರು, ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಮೇಲಧಿಕಾರಿ ನನ್ನ ಮಗ, ಏಳನೇ ಕ್ಲಾಸು.

ವ್ಯಾಜ್ಯ ಒಂದು ರಮ್ಮಿ ಆಟದ್ದು. ಹೋದ ಸಲ ಬಂದಾಗ ಮಾವನವರಿಗೆಂದು 2015ರ ಮ್ಯಾಕ್‌ಬುಕ್‌ನಲ್ಲಿ ಹಾಕಿಕೊಟ್ಟಿದ್ದೆವು. ಆಗ ಅದರಲ್ಲಿದ್ದದ್ದು ಮೊಹಾವಿ, 32 ಬಿಟ್ ಪ್ರೋಗ್ರಾಮುಗಳನ್ನು ಓಡಿಸಿದ ಕೊನೆಯ ಮ್ಯಾಕ್ ಸಿಸ್ಟಂ. 2019ರ ಅಕ್ಟೋಬರಿನಲ್ಲಿ ಬಂದ ಕ್ಯಾಟಲಿನಾದಿಂದ ಈಚೆಗೆ ಬರೀ 64 ಬಿಟ್. ಈ ಆಟ ಮುಂದೆ ನಡೆಯುವುದಿಲ್ಲ ಎಂದು ಮೊಹಾವಿ ಆಗಾಗ ಎಚ್ಚರಿಸುತ್ತಲೇ ಇತ್ತು. ಮಾವನವರು ಪ್ರತಿ ಸಲವೂ ಗಂಭೀರವಾಗಿ ಓಕೆ ಒತ್ತುತ್ತಿದ್ದರು. ಓದಿ ನೋಡುವುದು ಕೇಸ್ ವರ್ಕರ್ ಕೆಲಸ, ತಮ್ಮದೇನಿದ್ದರೂ ರುಜು.

ಈ ಸಲ ಅವರು ಬರುವಷ್ಟರಲ್ಲಿ ಮಗರಾಯ ಮಾಂಟೆರಿಗೆ ಅಪ್‌ಗ್ರೇಡ್ ಮಾಡಿ, ಜಾಗ ಸಾಲದೆಂದು ರಮ್ಮಿಯನ್ನೂ ಅಳಿಸಿದ್ದ. ಮತ್ತೆ ಹಾಕಲು ಹೋದರೆ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೊಡಿ ಎಂದಿತು.

"ಈ ಮನೇಲಿ ಅಡ್ಮಿನಿಸ್ಟ್ರೇಟರ್ ಯಾರಮ್ಮ?"

ಯಜಮಾನರು ಮೀಟಿಂಗ್ ಇದೆಯೆಂದು ಬೇಸ್‌ಮೆಂಟಿಗೆ ಇಳಿದರು. ಶನಿವಾರ ಎಂಥ ಮೀಟಿಂಗೋ! ಮಗ ಮೆಲ್ಲಗೆ ಕೈ ಎತ್ತಿದ.

ಮಾವನವರು ರೇಗುತ್ತಾರೆ ಅಂದುಕೊಂಡೆ. ಊಹೂಂ. ಎದ್ದುಹೋಗಿ ಕನ್ನಡಕ ಹಾಕಿಕೊಂಡು, ಬಿಳಿ ಹಾಳೆಗೆ ಎಡಗಡೆ ಮಾರ್ಜಿನ್ ಮಡಿಸಿ ಬರೆಯಲು ಕೂತರು. ಇವರಿಂದ, ಇವರಿಗೆ, ಮಾನ್ಯರೇ. ವಿಷಯ: ರಮ್ಮಿ ಆಟವನ್ನು ಪುನರ್‌ಸ್ಥಾಪಿಸಲು ಅನುಮತಿ ಕೋರಿ. ಉಲ್ಲೇಖ: ತಮ್ಮ ತಾಯಿಯವರೊಂದಿಗೆ ನಡೆದ ಮೌಖಿಕ ಚರ್ಚೆ. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಂದು ಶುರುವಾದದ್ದು ಒಂದೂವರೆ ಪುಟ ಹರಿಯಿತು. ಹುಡುಗನಿಗೆ ಕನ್ನಡ ಓದಲು ಬರುವುದಿಲ್ಲವಾದ್ದರಿಂದ ಅರ್ಜಿದಾರರೇ ನಿಂತು ಓದಿ ಹೇಳಿದರು. ಅಧಿಕಾರಿ ಸೋಫಾದಲ್ಲಿ ಚಿಪ್ಸ್ ತಿನ್ನುತ್ತ ಕೇಳಿದ. ಕೊನೆಗೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಅಪ್ರೂವ್ಡ್ ಎಂದು ಗೀಚಿದ.

"ತಾರೀಕೆಲ್ಲಪ್ಪ? ಸೀಲು? ಸೀಲಿಲ್ಲದ ಆರ್ಡರು ಆರ್ಡರೇ ಅಲ್ಲ."

ಮಗ ಮಹಡಿಗೆ ಓಡಿ ತನ್ನ ಹಳೆಯ ಡೈನೋಸಾರ್ ಠಸ್ಸೆ ತಂದು ಒತ್ತಿದ. ಮಾವನವರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಬಾಲ ಸರಿಯಾಗಿ ಬಿದ್ದಿಲ್ಲ" ಎಂದರು. ಇನ್ನೊಮ್ಮೆ ಒತ್ತಿಸಿದರು. ಆಫೀಸ್ ಕಾಪಿ ಎಂದು ನನ್ನ ಫೋನಿನಲ್ಲಿ ಫೋಟೋ ತೆಗೆಸಿ ಮೈಸೂರಿನ ಅತ್ತೆಯವರಿಗೆ ಕಳಿಸಿದರು. "ಅಲ್ಲೂ ಶುರು ಹಚ್ಕೊಂಡ್ರಾ?" ಎಂದು ಉತ್ತರ ಬಂತು.

ಇಷ್ಟಾಗಿ ಪಾಸ್‌ವರ್ಡ್ ಹಾಕಿದರೆ ಇನ್‌ಸ್ಟಾಲ್ ಏನೋ ಆಯಿತು, ಆಟ ಮಾತ್ರ ತೆರೆಯಲೊಲ್ಲದು. ಇದನ್ನು ಬರೆದವರು ಹೊಸದಾಗಿ ಮಾಡಿಕೊಡಬೇಕು ಎಂಬ ಒಕ್ಕಣೆ. 32, 64 ಎಂದು ಮಗ ವಿವರಿಸಿದ.

"64 ಸೀಟಿನ ಬಸ್ಸಲ್ಲಿ 32 ಜನ ಹಿಡಿಸಲ್ವಾ? ಕಂಡಕ್ಟರ್ ಸರಿಯಿಲ್ಲ ಕಣೋ."

ಈ ಕಂಡಕ್ಟರ್ ವಿಚಾರವನ್ನು ಮರುದಿನ ಬ್ರಿಡ್ಜ್‌ವಾಟರ್ ದೇವಸ್ಥಾನದ ಕ್ಯಾಂಟೀನಿನಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ಊರಿಂದ ಬಂದ ತಂದೆಯರೆಲ್ಲ ಒಂದಾಗಿ ಹೌದು ಹೌದು ಎಂದರು. ಅವರ ಮಕ್ಕಳು, ದೊಡ್ಡ ದೊಡ್ಡ ಸಾಫ್ಟ್‌ವೇರ್ ಎಂಜಿನಿಯರುಗಳು, ಪುಳಿಯೋಗರೆಯತ್ತಲೇ ನೋಡುತ್ತಿದ್ದರು.

ಆ ರಾತ್ರಿ ಮಗ ತಾನಾಗಿಯೇ ಪೆನ್‌ಡ್ರೈವ್ ತಯಾರಿಸಿ, ಬೇರೆ ಹಾರ್ಡ್ ಡಿಸ್ಕ್ ಸಿಕ್ಕಿಸಿ ಅದರ ಮೇಲೆ ಮೊಹಾವಿ ಹಾಕತೊಡಗಿದ. ಬೈದು ಮಲಗಿಸಬೇಕಿತ್ತು, ಸುಮ್ಮನಿದ್ದೆ. ಮಾವನವರು ಮಫ್ಲರ್ ಸುತ್ತಿಕೊಂಡು ಪಕ್ಕದಲ್ಲೇ ತೂಕಡಿಸುತ್ತಿದ್ದರು. "ನೀವು ಮಲಕ್ಕೊಳಿ ಮಾವ" ಎಂದರೆ, "ಸಾಹೇಬ್ರು ಕೆಲಸ ಮಾಡ್ತಿರೋವಾಗ ಹೇಗಮ್ಮ ಎದ್ದುಹೋಗೋದು?" ಎಂದರು. ಆಪ್ಷನ್ ಕೀ ಒತ್ತಿಹಿಡಿದು ಆ ಡಿಸ್ಕ್ ಆರಿಸಿದರೆ ರಮ್ಮಿ ಬರುತ್ತದೆ. ಬಂತು ಕೂಡ. ಮೊದಲ ಆಟದಲ್ಲೇ ಸೋತು, ಹೊಸ ಕಂಡಕ್ಟರೂ ಸರಿಯಿಲ್ಲ ಎಂದರು.

ಊರಿಂದ ಹಿರಿಯರು ಬರುವವರಿದ್ದರೆ, ಮೊಹಾವಿ ಇರುವಾಗಲೇ ಸಿಸ್ಟಂ ರಿಪೋರ್ಟ್ ತೆರೆದು ಲೆಗಸಿ ಸಾಫ್ಟ್‌ವೇರ್ ಪಟ್ಟಿ ನೋಡಿಬಿಡಿ. ಅವರ ಆಟದ ಹೆಸರು ಅಲ್ಲಿದ್ದರೆ, ಅವರು ವಾಪಸು ವಿಮಾನ ಹತ್ತುವ ತನಕ ಅಪ್‌ಗ್ರೇಡ್ ಮಾಡಬೇಡಿ.