ಓಟವೆಂಬ ನೆಪ

ರಿಮೋಟ್ ಕಾರು ಇರುವುದು ಓಡಿಸುವುದಕ್ಕೆ ಎಂದು ನಂಬಿರುವವರು, ಅಂಥ ಕಾರು ಇಟ್ಟುಕೊಂಡವರ ಮನೆಗೆ ಒಮ್ಮೆಯೂ ಕಾಲಿಟ್ಟಿಲ್ಲ ಎಂಬುದು ನನ್ನ ತೀರ್ಮಾನ. ಜಾತ್ರೆಯಲ್ಲಿ ಕೊಂಡು ಮನೆ ಮುಟ್ಟುವಷ್ಟರಲ್ಲಿ ಎಡಕ್ಕೆ ಮಾತ್ರ ತಿರುಗುವ ಆಟಿಕೆಗಳ ಮಾತು ಇದಲ್ಲ. ದೊಡ್ಡವರು ದೊಡ್ಡ ದುಡ್ಡು ಕೊಟ್ಟು ತರಿಸಿಕೊಳ್ಳುವ, ಒಂದೊಂದು ಬಿಡಿಭಾಗಕ್ಕೂ ಒಂದೊಂದು ನಂಬರಿರುವ ಹವ್ಯಾಸದ ಕಾರುಗಳ ಮಾತು. ಇವುಗಳ ಮುಖ್ಯ ಕಸುಬು ಕೆಡುವುದು. ಮುಂದಿನ ರಿಪೇರಿ ಎಲ್ಲಿ ಅಡಗಿದೆ ಎಂದು ಪತ್ತೆ ಹಚ್ಚಲು ನಡುನಡುವೆ ಒಂದಿಷ್ಟು ಓಡಿಸುತ್ತಾರೆ, ಅಷ್ಟೇ. ನಂಬದಿದ್ದರೆ ಲೆಕ್ಕ ಹಾಕಿ. ಸಾಧಾರಣ ಬ್ಯಾಟರಿಯಲ್ಲಿ ಕಾರು ಓಡುವುದು ಹದಿನೈದು ಇಪ್ಪತ್ತು ನಿಮಿಷ. ಅದಕ್ಕೆ ಮುಂಚೆ ಚಾರ್ಜ್ ಮಾಡುವುದೇ ಒಂದು ಗಂಟೆಗೆ ಕಡಿಮೆಯಿಲ್ಲದ ವ್ರತ. ಓಡಿದ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಮಣ್ಣು ಕೊಡವಬೇಕು, ಚಕ್ರದ ಅಚ್ಚಿಗೆ ಸುತ್ತಿಕೊಂಡ ಕೂದಲನ್ನು ಚಿಮಟದಲ್ಲಿ ಎಳೆದು ತೆಗೆಯಬೇಕು, ಅಲುಗಾಟಕ್ಕೆ ಸಡಿಲವಾದ ಸ್ಕ್ರೂಗಳನ್ನೆಲ್ಲ ವಿಚಾರಿಸಿಕೊಳ್ಳಬೇಕು. ತೇರು ಎಳೆಯುವ ಹೊತ್ತಿಗಿಂತ ತೇರು ಕಟ್ಟುವ ಹೊತ್ತೇ ಹೆಚ್ಚು ಎಂಬುದು ನಮಗೆ ಹೊಸದಲ್ಲ. ಆದರೆ ತೇರಿನಲ್ಲಿ ದೇವರಾದರೂ ಕೂರುತ್ತಾನೆ. ಇಲ್ಲಿ ಡ್ರೈವರಿನ ಸೀಟಿನಲ್ಲಿ ಕೂರುವುದು ಹೆಲ್ಮೆಟ್ ಹಾಕಿದ ಅರ್ಧ ಪ್ಲಾಸ್ಟಿಕ್ ಗೊಂಬೆ.

ಇದು ಕೊಂಡವರ ಚಪಲ, ಮಾಡಿದವರ ಉದ್ದೇಶ ಬೇರೆಯೇ ಇತ್ತು ಎನ್ನುವ ಹಾಗೂ ಇಲ್ಲ. ಈ ಹವ್ಯಾಸದ ವಂಶಾವಳಿಯೇ ನನ್ನ ಪರವಾಗಿ ಸಾಕ್ಷಿ ಹೇಳುತ್ತದೆ. ಜಪಾನಿನ ಶಿಜುವೋಕದ ಟಾಮಿಯಾ ಕಂಪನಿ ತನ್ನ ಮೊದಲ ರೇಡಿಯೋ ಕಾರನ್ನು ಮಾರುಕಟ್ಟೆಗೆ ಬಿಟ್ಟದ್ದು 1976ರಲ್ಲಿ. ಅದು ಪೋರ್ಷೆ 934ರ ಹನ್ನೆರಡನೇ ಒಂದು ಅಳತೆಯ ಪ್ರತಿರೂಪ. ಪೋರ್ಷೆಯ ಮಾದರಿಯನ್ನು ಸರಿಯಾಗಿ ಮಾಡಬೇಕೆಂದು ಕಂಪನಿಯ ಯಜಮಾನರು ನಿಜವಾದ ಪೋರ್ಷೆ 911 ಒಂದನ್ನೇ ಕೊಂಡು, ಬಿಚ್ಚಿ ಹಾಕಿಸಿದರು. ಬಿಚ್ಚುವುದರಿಂದಲೇ ಹುಟ್ಟಿದ ಕುಲಕ್ಕೆ ಬಿಚ್ಚುವ ಗುಣ ರಕ್ತದಲ್ಲೇ ಬಂದಿದ್ದರೆ ಆಶ್ಚರ್ಯವೇನು? ಅದೇ ಕಂಪನಿ 1984ರಲ್ಲಿ ತಂದ ಗ್ರಾಸ್‌ಹಾಪರ್ ಎಂಬ ಬಗ್ಗಿ ಎಷ್ಟೋ ದೇಶಗಳ ಹುಡುಗರಿಗೆ ಮೊದಲ ಕಾರಾಯಿತು. 2005ರಲ್ಲಿ ಅದನ್ನೇ ಮತ್ತೆ ತಯಾರಿಸಿ ಮಾರಿದಾಗ, ಅಷ್ಟರಲ್ಲಿ ತಲೆ ನರೆತಿದ್ದ ಅದೇ ಹುಡುಗರು ಮತ್ತೆ ಕೊಂಡರು. ಈ ಇಪ್ಪತ್ತು ವರ್ಷದಲ್ಲಿ ಅದಕ್ಕಿಂತ ಜೋರಾಗಿ ಓಡುವ ಕಾರುಗಳು ಎಷ್ಟೋ ಬಂದಿದ್ದವು. ಓಟವೇ ಬೇಕಿದ್ದರೆ ಯಾರೂ ಆ ಪೆಟ್ಟಿಗೆಯನ್ನು ಮುಟ್ಟುತ್ತಿರಲಿಲ್ಲ.

ಪೆಟ್ಟಿಗೆ ತೆರೆದರೆ ಒಳಗೆ ಕಾರು ಇರುವುದಿಲ್ಲ, ಕಾರಿನ ಸಾಧ್ಯತೆ ಇರುತ್ತದೆ. ಚೌಕಟ್ಟಿಗೆ ಅಂಟಿಕೊಂಡಿರುವ ಪ್ಲಾಸ್ಟಿಕ್ ಭಾಗಗಳು, ಎ, ಬಿ, ಸಿ ಎಂದು ಗುರುತು ಹಾಕಿದ ಸ್ಕ್ರೂ ಪೊಟ್ಟಣಗಳು, ಪುಟ್ಟ ಗ್ರೀಸ್ ಟ್ಯೂಬು, ಒಂದು ಪುಸ್ತಿಕೆ. ಈ ಪುಸ್ತಿಕೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅದರಲ್ಲಿ ಸ್ಕ್ರೂಗಳ ಚಿತ್ರವನ್ನು ನಿಜವಾದ ಅಳತೆಯಲ್ಲೇ ಅಚ್ಚು ಹಾಕಿರುತ್ತಾರೆ. ಕೈಯಲ್ಲಿರುವುದು 8 ಮಿಲಿಮೀಟರಿನದೋ 10ರದೋ ಎಂಬ ಅನುಮಾನ ಬಂದರೆ ಸ್ಕ್ರೂವನ್ನು ಚಿತ್ರದ ಮೇಲೆ ಮಲಗಿಸಿ ನೋಡಿದರಾಯಿತು. ಅಷ್ಟು ಕಾಳಜಿಯಿಂದ ಪುಸ್ತಿಕೆ ಬರೆದವರಿಗೂ ತಡೆಯಲಾಗದ ವಸ್ತು ಒಂದಿದೆ: ಇ-ಕ್ಲಿಪ್. ಶಾಕ್ ಅಬ್ಸಾರ್ಬರಿನ ಕಂಬಿಯ ತುದಿಯ ಸಣ್ಣ ತೋಡಿಗೆ ಕೂರಿಸಬೇಕಾದ ಈ ಉಕ್ಕಿನ ಚೂರು ಅಕ್ಕಿಕಾಳಿಗಿಂತ ದೊಡ್ಡದಲ್ಲ. ಇಕ್ಕಳದಲ್ಲಿ ಹಿಡಿದು ಒತ್ತಿದರೆ ಒಂದೋ ಟಪ್ಪೆಂದು ಕೂರುತ್ತದೆ, ಇಲ್ಲವೇ ಟಿಂಗ್ ಎಂದು ಹಾರಿಹೋಗುತ್ತದೆ. ಆಮೇಲೆ ಮನೆಮಂದಿಯೆಲ್ಲ ಮೊಬೈಲಿನ ಟಾರ್ಚು ಹಿಡಿದು ಬೀರುವಿನ ಕೆಳಗೆ ಮಂಡಿಯೂರುವ ಕಾರ್ಯಕ್ರಮ. ಅಲ್ಲಿ ಇ-ಕ್ಲಿಪ್ ಬಿಟ್ಟು ಕಳೆದ ವರ್ಷ ಕಳೆದುಹೋದ ಎಲ್ಲವೂ ಸಿಗುತ್ತದೆ.

ಕೊಟ್ಟದ್ದಕ್ಕಿಂತ ಕೊಡದೆ ಉಳಿಸಿಕೊಂಡದ್ದರಲ್ಲಿ ತಯಾರಕರ ಮನಸ್ಸು ಇನ್ನೂ ಚೆನ್ನಾಗಿ ಕಾಣುತ್ತದೆ. ಅನೇಕ ಕಿಟ್‌ಗಳಲ್ಲಿ ಬಾಲ್ ಬೇರಿಂಗ್ ಇರಬೇಕಾದ ಕಡೆ ಪ್ಲಾಸ್ಟಿಕ್ ಬುಶ್ ಇಟ್ಟಿರುತ್ತಾರೆ. ಬೇರಿಂಗನ್ನು ನಾವೇ ತಂದು ಹಾಕಿಕೊಳ್ಳಬೇಕು. ಒಳರಂಧ್ರ 5 ಮಿಲಿಮೀಟರ್, ಹೊರವ್ಯಾಸ 11 ಎಂಬ ಅಳತೆ ಹವ್ಯಾಸಿಗಳ ಬಾಯಲ್ಲಿ ಮಗ್ಗಿಯಷ್ಟು ಸಲೀಸು. ಅಂದರೆ ಹೊಸ ಕಾರು ಕೈಗೆ ಬರುವಾಗಲೇ ಒಂದು ರಿಪೇರಿಯ ಬಾಕಿ ಹೊತ್ತು ಬರುತ್ತದೆ. ಅಷ್ಟು ಸಾಲದೆಂದು ಬೇಕೆಂದೇ ಮೆತ್ತಗಿಟ್ಟ ಜಾಗಗಳೂ ಇವೆ. ಸರ್ವೋ ಸೇವರ್ ಎಂಬ ಸ್ಪ್ರಿಂಗಿನ ಜೋಡಣೆಯನ್ನೇ ನೋಡಿ: ಚಕ್ರ ಕಲ್ಲಿಗೆ ಬಡಿದಾಗ ಅದು ಬಗ್ಗಿ ಪೆಟ್ಟು ತಿಂದು, ಚಕ್ರ ತಿರುಗಿಸುವ ಸರ್ವೋ ಮೋಟಾರಿನ ಹಲ್ಲು ಉಳಿಸುತ್ತದೆ. ಮುಂಚಕ್ರದ ಪ್ಲಾಸ್ಟಿಕ್ ತೋಳು ಮುರಿಯುವುದೂ ಇಂಥದೇ ಉಪಕಾರ. ಉತ್ಸಾಹಿಗೆ ಇದು ಹಿಡಿಸುವುದಿಲ್ಲ. ಹೊಳೆಯುವ ಅಲ್ಯುಮಿನಿಯಂ ತೋಳು ತಂದು ಹಾಕುತ್ತಾನೆ. ಮುಂದಿನ ಸಲ ಗೇಟಿನ ಕಂಬಕ್ಕೆ ಗುದ್ದಿದಾಗ ತೋಳು ಗಟ್ಟಿಯಾಗಿಯೇ ಇರುತ್ತದೆ, ತೋಳು ಕೂತಿದ್ದ ಗೇರ್‌ಬಾಕ್ಸಿನ ಕವಚ ಸೀಳುತ್ತದೆ. ಮೋಟಾರು ನಿಧಾನವಾಯಿತೆಂದು ಬ್ರಷ್‌ಲೆಸ್ ಹಾಕಿದರೆ ಅದರ ಎಳೆತಕ್ಕೆ ಸ್ಪರ್ ಗೇರು ಹಲ್ಲು ಕಳೆದುಕೊಳ್ಳುತ್ತದೆ. ಉಕ್ಕಿನ ಗೇರು ಹಾಕಿದರೆ ಸರದಿ ಡ್ರೈವ್ ಶಾಫ್ಟಿನದು. ದೌರ್ಬಲ್ಯವನ್ನು ಕಾರಿನಿಂದ ಹೊರಗೆ ಅಟ್ಟಲು ಆಗುವುದಿಲ್ಲ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ವರ್ಗ ಮಾಡಬಹುದು, ಅದೂ ನಮ್ಮ ಖರ್ಚಿನಲ್ಲಿ.

ಇಲ್ಲಿ ಒಂದು ತಕರಾರು ಏಳುವುದು ಸಹಜ. ಈಗ ಪೂರ್ತಿ ಜೋಡಿಸಿದ ಕಾರುಗಳೇ ಪೆಟ್ಟಿಗೆಯಲ್ಲಿ ಬರುತ್ತವಲ್ಲ, ಬ್ಯಾಟರಿ ಹಾಕಿ ಓಡಿಸಿದರಾಯಿತು, ಅದನ್ನು ಕೊಳ್ಳುವವರಿಗೆ ಬೇಕಿರುವುದು ಓಟವೇ ತಾನೇ? ಒಪ್ಪೋಣ. ಆದರೆ ಅಮೆರಿಕದ ಟ್ರಾಕ್ಸಸ್‌ನಂಥ ಕಂಪನಿಯ ಆ ಸಿದ್ಧ ಕಾರಿನ ಪೆಟ್ಟಿಗೆಯಲ್ಲಿ ಕಾರಿನ ಪಕ್ಕದಲ್ಲೇ ಅಲೆನ್ ಕೀ, ಚಕ್ರದ ನಟ್ಟಿಗೆ ಪಾನಾ, ಪ್ರತಿ ಬಿಡಿಭಾಗವನ್ನೂ ಬೇರ್ಪಡಿಸಿ ನಂಬರು ಬರೆದ ನಕ್ಷೆ ಯಾಕಿರುತ್ತವೆ? ಫ್ರಿಜ್ ಕೊಂಡವರಿಗೆ ಯಾರೂ ಸ್ಪ್ಯಾನರ್ ಕೊಟ್ಟು ಕಳಿಸುವುದಿಲ್ಲ. ಇನ್ನು ಕೆಲವರು, ಇಷ್ಟು ಖರ್ಚಿನಲ್ಲಿ ಹೊಸದೇ ಬರುತ್ತಿತ್ತು ಎನ್ನುತ್ತಾರೆ. ಲೆಕ್ಕ ಸರಿಯೇ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿ ಅಂಗಡಿ ಹತ್ತಿ ಇಳಿದು ಒಂದು ಕನೆಕ್ಟರು, ಎರಡು ಗಜ ಸಿಲಿಕೋನ್ ವೈರು, ನಾಲ್ಕು ಕೆಪಾಸಿಟರು ತರುವವರ ಸಮಯಕ್ಕೂ ಪೆಟ್ರೋಲಿಗೂ ಬೆಲೆ ಕಟ್ಟಿದರೆ ಹೊಸದೇ ಸೋವಿ. ಅದರ ಜೊತೆಗೆ ಜಪಾನಿ ಸ್ಕ್ರೂಗಳ ಕಾಟ ಬೇರೆ: ಅವುಗಳ ತಲೆಯ ಕೂಡುಗೆರೆ ಆ ದೇಶದ ಮಾನಕಕ್ಕೆ ತಕ್ಕದ್ದು. ಹಾರ್ಡ್‌ವೇರ್ ಅಂಗಡಿಯ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರದೆ ಜಾರಿ ತಲೆ ಸವೆಸುತ್ತದೆ, ಹಾಗಾಗಿ ಸ್ಕ್ರೂಡ್ರೈವರನ್ನೂ ಜಪಾನಿನಿಂದಲೇ ತರಿಸಬೇಕು. ಇಷ್ಟೆಲ್ಲ ಗೊತ್ತಿದ್ದೂ ಜನ ಹೊಸದು ಕೊಳ್ಳದೆ ಹಳೆಯದನ್ನೇ ಬಿಚ್ಚುತ್ತಾರೆ, ಅದೂ ಸಾಲದೆ ಬೇರೆಯವರ ಕೆಟ್ಟ ಕಾರನ್ನು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ‘ಓಡುತ್ತಿಲ್ಲ’ ಎಂಬ ಮಾತು ಅವರಿಗೆ ದೋಷದ ಒಪ್ಪಿಗೆಯಲ್ಲ, ಜಾಹೀರಾತು.

ಅಷ್ಟು ರುಚಿ ಅದರಲ್ಲಿ ಏನಿದೆ ಎಂದರೆ, ಮನೆಯಲ್ಲಿ ತರ್ಕಕ್ಕೆ ಬಗ್ಗುವ ಯಂತ್ರ ಇದೊಂದೇ ಉಳಿದಿದೆ ಎಂಬುದು ನನ್ನ ಉತ್ತರ. ಫೋನು ಕೆಟ್ಟರೆ ಬಿಚ್ಚಲು ಅಂಟು ಬಿಡಿಸಬೇಕು. ನಿಜವಾದ ಕಾರಿನ ಬಾನೆಟ್ಟು ಎತ್ತಿದರೆ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಕಂಪನಿಯ ಹೆಸರು ಮಾತ್ರ ಕಾಣುತ್ತದೆ. ರಿಮೋಟ್ ಕಾರು ತಿರುಗುತ್ತಿಲ್ಲವೇ? ಕಾರಣ ಸರ್ವೋದಲ್ಲಿರಬೇಕು, ಇಲ್ಲವೇ ಅದರ ಹಿಂದೆ, ಇಲ್ಲವೇ ಮುಂದೆ. ರಿಸೀವರು ಸೆಕೆಂಡಿನ ಐವತ್ತನೇ ಒಂದು ಭಾಗಕ್ಕೊಮ್ಮೆ ಸರ್ವೋಗೆ ಒಂದು ಮಿಡಿತ ಕಳಿಸುತ್ತದೆ; ಮಿಡಿತ 1.5 ಮಿಲಿಸೆಕೆಂಡ್ ಇದ್ದರೆ ಚಕ್ರ ನೇರ, 1ಕ್ಕೆ ಇಳಿದರೆ ಒಂದು ಕಡೆ, 2ಕ್ಕೆ ಏರಿದರೆ ಇನ್ನೊಂದು ಕಡೆ. ಗುಂಯ್‌ಗುಟ್ಟುತ್ತ ತೋಳು ಅಲ್ಲಾಡದಿದ್ದರೆ ಹಲ್ಲು ಹೋಗಿದೆ. ಸುಮ್ಮನಿದ್ದಾಗಲೂ ನಡುಗುತ್ತಿದ್ದರೆ ಒಳಗಿನ ಪೊಟೆನ್ಷಿಯೋಮೀಟರು ಸವೆದಿರಬಹುದು. ಎರಡೂ ಅಲ್ಲ, ಸದ್ದೇ ಇಲ್ಲ ಎಂದರೆ ವೈರು ನೋಡಿ. ರಿಸೀವರಿನ ಇನ್ನೊಂದು ಚಾನೆಲ್ಲಿಗೆ ಚುಚ್ಚಿ ನೋಡಿದರೆ ತಪ್ಪು ಯಾರದೆಂದು ಅರ್ಧ ನಿಮಿಷದಲ್ಲಿ ಇತ್ಯರ್ಥ. ವಾಯಿದೆಯಿಲ್ಲ, ಮೇಲ್ಮನವಿಯಿಲ್ಲ. ಗೇರಿನ ಜೋಡಣೆಯೂ ಇಷ್ಟೇ ಪಾರದರ್ಶಕ: ಮೋಟಾರಿನ ತುದಿಯ ಪಿನಿಯನ್ನಿಗೂ ಅದು ತಿರುಗಿಸುವ ಸ್ಪರ್ ಗೇರಿಗೂ ನಡುವೆ ನೋಟ್‌ಬುಕ್ಕಿನ ಕಾಗದದ ಪಟ್ಟಿ ಇಟ್ಟು, ಮೋಟಾರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿದು, ಗೇರು ತಿರುಗಿಸಿ ಕಾಗದ ಹೊರತೆಗೆದರೆ ಹಲ್ಲುಗಳ ನಡುವೆ ಬೇಕಾದಷ್ಟೇ ಸಂದು ಉಳಿದಿರುತ್ತದೆ. ಹೊರಬಂದ ಕಾಗದದ ಮೇಲೆ ಸಾಲಾಗಿ ಬಿದ್ದ ಮಡಿಕೆಗಳನ್ನು ನೋಡಿ ಖುಷಿಪಡುವವರ ಮುಖವನ್ನು ಯಾವ ಓಟದ ಮೈದಾನದಲ್ಲೂ ಕಾಣಲಾರಿರಿ.

ಹಾಗೆಂದು ಈ ವಾದವನ್ನು ಬ್ಯಾಟರಿಯವರೆಗೆ ಎಳೆಯಬಾರದು. ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದೊಂದು ಸೆಲ್ಲನ್ನೂ 4.2 ವೋಲ್ಟಿಗಿಂತ ಮೇಲೆ ತುಂಬಿದರೆ, ಇಲ್ಲವೇ 3ಕ್ಕಿಂತ ಕೆಳಗೆ ಹಿಂಡಿದರೆ ಅದು ಹಾಳಾಗುತ್ತದೆ. ಹೊಟ್ಟೆ ಉಬ್ಬಿದ್ದನ್ನು ಚುಚ್ಚಿ ನೋಡುವುದು ರಿಪೇರಿಯಲ್ಲ, ಬೆಂಕಿಗೆ ಕೊಡುವ ಆಹ್ವಾನ. ಅದನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ ಕೈ ಮುಗಿಯಬೇಕು.

ಕೊನೆಯ ಆಕ್ಷೇಪ ಅಡುಗೆಮನೆಯಿಂದ ಬರುತ್ತದೆ, ಎಲ್ಲಕ್ಕಿಂತ ಬಲವಾದದ್ದೂ ಅದೇ. “ಏನ್ರೀ, ಬೆಂಡೆಕಾಯಿ ಗಾತ್ರದ ಕಾರಿನ ಗೇರ್‌ಬಾಕ್ಸು ಬಿಚ್ಚಿ ಎಣ್ಣೆ ಹಾಕೋಕೆ ಬರುತ್ತೆ, ಮಿಕ್ಸಿ ಸರಿ ಮಾಡೋಕೆ ಬರಲ್ವಾ?” ಪ್ರಶ್ನೆ ನ್ಯಾಯವಾದದ್ದು. ಮಿಕ್ಸಿಯ ದೋಷ ಹೆಚ್ಚಾಗಿ ಜಾರು ಕೂರುವ ಕಪ್ಲರಿನದು. ಅದರ ಹಲ್ಲು ಸವೆದಿರುತ್ತದೆ. ಹೊಸ ಕಪ್ಲರ್ ಪಾತ್ರೆ ಅಂಗಡಿಯಲ್ಲೂ ಅಗ್ಗಕ್ಕೆ ಸಿಗುತ್ತದೆ, ಬಹುತೇಕ ಮಿಕ್ಸಿಗಳಲ್ಲಿ ಉಲ್ಟಾ ತಿರುಗಿಸಿ ಬಿಚ್ಚಬೇಕು ಎಂಬುದೊಂದು ನೆನಪಿದ್ದರೆ ಸಾಕು. ಬೆಳಗ್ಗೆ ಚಟ್ನಿಗೆ ಕಾದು ನಿಂತಿರುವವರು ಇದ್ದಾರೆ ಎಂಬ ಒತ್ತಡ ಇರುವುದು ನಿಜ. ಯಾರೂ ಕಾಯದ ವಸ್ತುವನ್ನು ರಿಪೇರಿ ಮಾಡುವ ಸುಖವೇ ಬೇರೆ. ಆದರೆ ಹವ್ಯಾಸಿಯ ನಿಜವಾದ ಅಡಚಣೆ ಅದಲ್ಲ. ಮಿಕ್ಸಿಯ ಕೆಲಸ ಹತ್ತೇ ನಿಮಿಷದಲ್ಲಿ ಮುಗಿದುಬಿಡುತ್ತದೆ, ಆಮೇಲೆ ವರ್ಷಗಟ್ಟಲೆ ಕೆಡುವುದೂ ಇಲ್ಲ.