ಗಟ್ಟಿರಾಯರು

ಭದ್ರಾವತಿಯ ಹೊಸಮನೆಯಲ್ಲಿ ಬೀದಿಗೊಬ್ಬರಾದರೂ ಇಂಥವರು ಸಿಗುತ್ತಾರೆ: ಫ್ಯಾಕ್ಟರಿಯಿಂದ ರಿಟೈರ್ ಆದವರು, ಏನನ್ನೂ ಎಸೆಯದವರು. ಕುರ್ಚಿಯ ಕೈ ಮುರಿಯಿತೆಂದು ಕೊಟ್ಟರೆ ನಾಲ್ಕು ಕಾಲಿಗೂ ಕಬ್ಬಿಣದ ಪಟ್ಟಿ ಬಡಿದು ಕೊಡುತ್ತಾರೆ. ಕುರ್ಚಿ ಮತ್ತೆ ಮುರಿಯುವುದಿಲ್ಲ ನಿಜ, ಆದರೆ ಎತ್ತಲು ಇಬ್ಬರು ಬೇಕು. ಕ್ಯಾಲೆಂಡರ್ ನೇತುಹಾಕಲು ಇವರಿಗೆ ಆ್ಯಂಕರ್ ಬೋಲ್ಟೇ ಆಗಬೇಕು.

ನಮ್ಮ ಪಕ್ಕದ ಮನೆಯವರನ್ನು ನಾವು ಗಟ್ಟಿರಾಯರು ಎನ್ನುತ್ತೇವೆ, ಅವರ ಬೆನ್ನ ಹಿಂದೆ. ಈಗ ಅವರಿಗೆ ಹಿಡಿದಿರುವುದು ದೋಣಿಯ ಹುಚ್ಚು. ಗಂಗೊಳ್ಳಿ ಕಡೆಯಿಂದ ಹುಲಿಕಲ್ ಘಾಟಿ ಹತ್ತಿಸಿ ತಂದ ಹಳೇ ಫೈಬರ್ ದೋಣಿ, ಜೊತೆಗೊಂದು ಔಟ್‌ಬೋರ್ಡ್ ಇಂಜಿನ್ನು. ಸಮುದ್ರಕ್ಕೇ ಬೇಡವಾದದ್ದು ನನ್ನ ಕಾಂಪೌಂಡಿಗೆ ಒರಗಿಕೊಂಡಿದೆ.

ಕಾಯಿಲೆ ಇದ್ದದ್ದು ಇಂಜಿನ್ ತಗುಲಿಸುವ ಹಿಂಬದಿ ಹಲಗೆಗೆ. ಹೊರಗೆ ಫೈಬರ್, ಒಳಗೆ ಪ್ಲೈವುಡ್. ರಾಯರು ರೂಪಾಯಿ ನಾಣ್ಯದಿಂದ ಕುಟ್ಟುತ್ತಾ ಹೋದರು. ಅಂಚಿನಲ್ಲಿ ಟಕಟಕ, ನಡುವೆ ಬರೀ ದಬದಬ. "ಮೇಷ್ಟ್ರೇ, ಗೇರ್ ಹಾಕಿದರೆ ಇಂಜಿನ್ನಿನ ಕೆಳಭಾಗ ಹಲಗೆಯನ್ನು ಮುಂದಕ್ಕೆ ಒತ್ತುತ್ತೆ, ಮೇಲ್ಭಾಗ ಹಿಂದಕ್ಕೆ ಜಗ್ಗುತ್ತೆ. ಕೊಳೆತ ಮರ ತಡೆಯುತ್ತಾ?" ಎಂದರು. ನಾನು ವ್ಯಾಕರಣದ ಮೇಷ್ಟ್ರು. ತಡೆಯಲ್ಲ ಎಂದು ಗಂಭೀರವಾಗಿ ತಲೆಯಾಡಿಸಿದೆ. ಅಷ್ಟಕ್ಕೇ ಟಾರ್ಚ್ ಹಿಡಿಯುವ ಕೆಲಸ ನನ್ನ ಪಾಲಿಗೆ ಖಾಯಂ ಆಯಿತು.

ಉಕ್ಕಿನ ಊರಿನವರಿಗೆ ಮೊದಲು ಹೊಳೆಯುವುದು ಉಕ್ಕೇ. ಹಲಗೆಯ ಎರಡೂ ಬದಿಗೆ ಪ್ಲೇಟು ಇಟ್ಟು ಬೋಲ್ಟ್ ಬಿಗಿದರು. ಬಿಗಿದಷ್ಟೂ ಪ್ಲೇಟು ಒಳಗಿಳಿಯಿತು, ಬಿಸಿ ಉಪ್ಪಿಟ್ಟಿಗೆ ಸೌಟು ಒತ್ತಿದ ಹಾಗೆ. ಹಳೇ ತೂತೊಂದರಿಂದ ಕಂದು ನೀರು ಜಿನುಗಿ ನನ್ನ ಬಿಳಿ ಪಂಚೆಗೆ ಇಳಿಯಿತು. ರಾಯರು ಬೆರಳಿನಿಂದ ಒರೆಸಿ, ಮೂಸಿ, "ಎಲ್ಲಾ ಬಿಚ್ಚಬೇಕು" ಎಂದರು. ಆ ದನಿಯಲ್ಲಿ ದುಃಖದ ಸುಳಿವೇ ಇರಲಿಲ್ಲ.

ಬಿಚ್ಚಿದರು. ಒಳಗಿನ ಫೈಬರ್ ಕೊಯ್ದು, ಕಪ್ಪಾದ ಮರವನ್ನು ಕೆರೆದು ತೆಗೆದು, ಎರಡು ಪದರ ಮೆರೈನ್ ಪ್ಲೈ ಅಂಟಿಸಲು ಹೊರಟರು. ರೆಸಿನ್ ಕಲಸಲು ನಮ್ಮ ಬಚ್ಚಲುಮನೆಯ ಮಗ್ಗೇ ಬೇಕಾಯಿತು. ಹಾರ್ಡ್ನರ್ ಬೆರೆಸಿದ ಮೇಲೆ ಅದನ್ನು ತೆಳ್ಳಗೆ ಹರಡಿಬಿಡಬೇಕು. ಒಂದೇ ಕಡೆ ರಾಶಿಯಾಗಿದ್ದರೆ ತನ್ನ ಬಿಸಿಗೆ ತಾನೇ ಇನ್ನೂ ಬೇಗ ಗಟ್ಟಿಯಾಗುತ್ತದೆ. ಇದನ್ನು ರಾಯರು ನನಗೆ ಸಾವಕಾಶವಾಗಿ ವಿವರಿಸುತ್ತಿದ್ದಾಗಲೇ ಮಗ್ಗಿನಿಂದ ಹೊಗೆ ಎದ್ದಿತು. ಬ್ರಷ್ಷು ಅದರೊಳಗೇ ನೆಟ್ಟಗೆ ನಿಂತುಬಿಟ್ಟಿತು. ಮಗ್ಗು ಈಗ ಅವರ ಮನೆಯ ಬಾಗಿಲು ಬಡಿಯದಂತೆ ತಡೆಯುತ್ತಿದೆ. ಬಲು ಗಟ್ಟಿ.

ಎರಡನೇ ಸಲ ಕಲಸಿದ್ದು ಹಿಡಿಯಿತು. ಹಲಗೆಯಿಂದ ದೋಣಿಯ ಎರಡು ಬದಿಗೂ ತಳಕ್ಕೂ ಮೂಲೆಗಟ್ಟು ಕೊಟ್ಟು, ಜಗ್ಗು ಒಂದೇ ಕಡೆ ಬೀಳದಂತೆ ಹಂಚಿದರು. ಬೋಲ್ಟಿನ ತೂತುಗಳನ್ನು ಮಾತ್ರ ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ರೆಸಿನ್ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಮತ್ತೆ ಕೊರೆದರು. ಇನ್ನು ನೀರು ನುಗ್ಗಿದರೂ ಮರ ಸಿಗುವುದಿಲ್ಲ. "ಇದನ್ನು ಕೆಡಿಸಿದ್ದು ಇಂಜಿನ್ನಿನ ಭಾರ ಅಲ್ಲ ಮೇಷ್ಟ್ರೇ. ಯಾರೋ ತೂತು ಕೊರೆದು ಮುಚ್ಚದೆ ಬಿಟ್ಟಿದ್ದು." ಆ ಹೊತ್ತು ನನಗೆ ನನ್ನ ಪಂಚೆ ಮರೆತೇ ಹೋಗಿತ್ತು.

ನಮ್ಮೂರಲ್ಲಿ ಕಬ್ಬಿಣ ಮೊದಲು ಕರಗಿದ್ದು 1923ರಲ್ಲಿ, ಅದೂ ಕಾಡಿನ ಸೌದೆ ಸುಟ್ಟ ಇದ್ದಿಲಿನಿಂದ. ಸರಿಯಾಗಿ ನೂರು ವರ್ಷಕ್ಕೆ, 2023ರಲ್ಲಿ, ಆ ಕಬ್ಬಿಣದ ಕಾರ್ಖಾನೆಯನ್ನೇ ಮುಚ್ಚುವ ಮಾತು ಬಂತು. ಕಾಗದದ ಕಾರ್ಖಾನೆಯಂತೂ ಅದಕ್ಕೂ ಮೊದಲೇ ನಿಂತಿತ್ತು. ಒಂದು ಊರಿನ ಯಾವ ತೂತಿನಲ್ಲಿ ನೀರು ಇಳಿಯಿತೆಂದು ನಾಣ್ಯ ಕುಟ್ಟಿ ಹೇಳುವವರು ಯಾರು? ಅದು ತಮ್ಮ ಕೈಯಳತೆ ಮೀರಿದ್ದೆಂದು ಗೊತ್ತಿದ್ದೇ ರಾಯರಂಥವರೆಲ್ಲ ಕೈಗೆ ಸಿಕ್ಕ ಕುರ್ಚಿ, ಗೇಟು, ದೋಣಿಗಳನ್ನು ಗಟ್ಟಿ ಮಾಡುತ್ತಾರೇನೋ. ಮುರಿದದ್ದನ್ನು ಮಾರಿ ಹೊಸದು ತರುವ ನಮ್ಮಂಥವರು ಇವರನ್ನು ನೋಡಿ ನಗಬಹುದು. ನಮ್ಮ ಗೇಟಿನ ಕೀಲು ಹೋದ ದಿನ ಓಡುವುದು ಮಾತ್ರ ಇವರ ಮನೆಗೇ.

ಮೊನ್ನೆ ಅವರ ಮನೆಯವರನ್ನು ಕೇಳಿದೆ: "ಅಕ್ಕಾ, ದೋಣಿ ನೀರಿಗೆ ಇಳಿಯೋದು ಯಾವಾಗ?"

"ಮಳೆಗಾಲ ಮುಗೀಲಿ ಅಂದಿದ್ದಾರೆ," ಎಂದರು. "ಯಾವ ಮಳೆಗಾಲ ಅಂತ ನಾನು ಕೇಳಿಲ್ಲ. ನೀವೂ ಕೇಳಬೇಡಿ, ಮೇಷ್ಟ್ರೇ."