ಭಾನುವಾರದ ವಿಡಿಯೊ ಕಾಲ್‌ನವರಿಗೆ ಬಹಿರಂಗ ಪತ್ರ

ಬೆಂಗಳೂರು, ದುಬೈ, ಡಲ್ಲಾಸುಗಳಲ್ಲಿ ನೆಲೆಸಿರುವ ಸುಪುತ್ರ ಸುಪುತ್ರಿಯರಿಗೆ ನಿಮ್ಮೂರ ಹಲ್ಲಿನ ಡಾಕ್ಟರ ನಮಸ್ಕಾರಗಳು.

ನಿಮ್ಮ ಮಾತಾಪಿತೃಭಕ್ತಿಗೆ ಎಣೆಯಿಲ್ಲ. ಅಪ್ಪನ ಕೈಗೆ ಎದೆಬಡಿತ ಎಣಿಸುವ ವಾಚು ಕಟ್ಟಿದಿರಿ. ಅಮ್ಮನಿಗೆ ಕಳಿಸಿದ ಕರೆಂಟಿನ ಬ್ರಶ್ಶು ಬೀರುವಿನಲ್ಲಿ ಡಬ್ಬಿ ಸಮೇತ ಸುರಕ್ಷಿತವಾಗಿದೆ. ವಾರವಾರ ವಿಡಿಯೊ ಕಾಲಿನಲ್ಲಿ ಅವರ ಅರ್ಧ ಹಣೆಯನ್ನೂ ಪೂರ್ತಿ ಸೀಲಿಂಗ್ ಫ್ಯಾನನ್ನೂ ದರ್ಶನ ಮಾಡುತ್ತೀರಿ. "ಊಟ ಆಯ್ತಾ?" "ಆಯ್ತಪ್ಪ." ಏನು ಊಟ, ಅಗಿಯಲಾಗುತ್ತದೆಯೇ ಎಂದೆಲ್ಲ ಕೇಳುವ ಒರಟುತನ ನಿಮ್ಮಲ್ಲಿಲ್ಲ.

ಸರ್ಕಾರವೂ ಹಿಂದೆ ಬಿದ್ದಿಲ್ಲ. ಬಿಪಿಎಲ್ ಕುಟುಂಬದ ಹಿರಿಯರಿಗೆ ದಂತಭಾಗ್ಯ ಯೋಜನೆಯಲ್ಲಿ ಹಲ್ಲಿನ ಸೆಟ್ಟು ಪುಕ್ಕಟೆ. ಪುಕ್ಕಟೆಯದಾಗಲಿ, ನೀವು ಕಾಸು ಕೊಟ್ಟದ್ದಾಗಲಿ, ಸೆಟ್ಟು ಬಂದಮೇಲೆ ಏನು ಮಾಡಬೇಕೆಂದು ಮನೆಗೆ ಬಂದು ತೋರಿಸುವವರು ಮಾತ್ರ ಯಾರೂ ಇಲ್ಲ. ಹಾಗಾಗಿ ನಿಮ್ಮ ತಂದೆಯವರು ಅದನ್ನು ಹಂಡೆಯ ಬಿಸಿನೀರಿನಲ್ಲಿ ಅದ್ದಿ, ಪೇಸ್ಟು ಹಚ್ಚಿ, ಪಾತ್ರೆ ಉಜ್ಜಿದಂತೆ ಉಜ್ಜುತ್ತಾರೆ. ಬಿಸಿಗೆ ಸೆಟ್ಟು ಸೊಟ್ಟಗಾಗುತ್ತದೆ, ಪೇಸ್ಟಿಗೆ ಗೀರು ಬೀಳುತ್ತದೆ, ಗೀರಿನಲ್ಲಿ ಶಿಲೀಂಧ್ರ ಸಂಸಾರ ಹೂಡುತ್ತದೆ. ರಾತ್ರಿಯೂ ತೆಗೆಯದೆ ಮಲಗಿದ್ದಕ್ಕೆ ಅಂಗುಳವೆಲ್ಲ ಕೆಂಪು. "ಆ ಡಾಕ್ಟರು ಸರಿಯಿಲ್ಲ" ಎಂಬ ತೀರ್ಪು ಡಲ್ಲಾಸಿನಿಂದ ಬರುತ್ತದೆ. ಮೆತ್ತನೆಯ ಬ್ರಶ್ಶು, ಸಾದಾ ಸೋಪು, ರಾತ್ರಿ ತಣ್ಣೀರಿನ ಬಟ್ಟಲು: ಇಷ್ಟನ್ನು ಹೇಳಿಕೊಡಲು ಎಂಬತ್ತು ದಾಟಿದವರು ಆಟೊ ಹತ್ತಿ ನನ್ನ ಮಹಡಿ ಏರಬೇಕೇ? (ಕೆಳಗಿನ ಮಳಿಗೆಗೆ ಬಾಡಿಗೆ ಜಾಸ್ತಿ.)

ಆದ್ದರಿಂದ ಒಂದು ಭಾನುವಾರ ಹಣೆಗೆ ರಜೆ ಕೊಟ್ಟು ಬಾಯಿಗೆ ಬನ್ನಿ. ನನ್ನನ್ನೂ ವಿಡಿಯೊ ಕಾಲಿಗೆ ಸೇರಿಸಿ. ಅಮ್ಮನನ್ನು ಕಿಟಕಿ ಪಕ್ಕ ಕೂರಿಸಿ ಸೆಟ್ಟು ತೆಗೆಸಿ. ನೋಡಿಕೊಳ್ಳುವ ಹೆಂಗಸು ಚಮಚದ ಹಿಡಿಯಿಂದ ಕೆನ್ನೆ ಸರಿಸಲಿ, ಇನ್ನೊಬ್ಬರು ಫೋನಿನ ಹಿಂದಿನ ಕ್ಯಾಮೆರಾ, ಟಾರ್ಚು ಹಿಡಿಯಲಿ. ಮಾತ್ರೆಗಳನ್ನೂ ತೋರಿಸಿ. ಬಾಯಿ ಒಣಗಿಸುವ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ನನಗೆ ಗೊತ್ತಿರಬೇಕು. ಎಕ್ಸ್‌ರೇ ತೆಗೆಯಲು, ಹಲ್ಲು ಕೀಳಲು ಫೋನಿನಲ್ಲಿ ಆಗದು, ನಿಜ. ಎರಡು ವಾರವಾದರೂ ವಾಸಿಯಾಗದ ಹುಣ್ಣಿದ್ದರೆ ಕರೆದುಕೊಂಡೇ ಬನ್ನಿ. ಆದರೆ ನಾನು ಮುಖ್ಯವಾಗಿ ನೋಡಬೇಕಿರುವುದು ಆ ಹೆಂಗಸಿನ ಕೈಯನ್ನು. ಬ್ರಶ್ಶು ಒಸಡಿನ ಅಂಚಿಗೆ ಮುಟ್ಟುತ್ತಿದೆಯೋ, ಗಾಳಿಯಲ್ಲಿ ಆಡುತ್ತಿದೆಯೋ ಎಂದು.

ಹಲ್ಲೇ ಇಲ್ಲದ ಬಾಯಿಗೆ ಇದೆಲ್ಲ ಏಕೆ ಎನ್ನುತ್ತೀರಿ. ಜಪಾನಿನ 11 ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನವೂ ಬಾಯಿ ಶುಚಿ ಮಾಡಿಸಿದ ಹಿರಿಯರಲ್ಲಿ ಶೇ 11 ಮಂದಿಗೆ ನ್ಯುಮೋನಿಯಾ ಬಂತು, ಉಳಿದವರಲ್ಲಿ ಶೇ 19. ಬಾಯಿಯ ಕೊಳೆ ಉಸಿರಿನೊಂದಿಗೆ ಶ್ವಾಸಕೋಶಕ್ಕಿಳಿಯುತ್ತದೆ. ಐಸಿಯು ಬಿಲ್ಲನ್ನು ನೀವು ಮರುಮಾತಿಲ್ಲದೆ ಕಟ್ಟುವವರೆಂದು ಬಲ್ಲೆ.

ಬೆಳಿಗ್ಗೆ ಹತ್ತಕ್ಕೆ ಫೋನ್ ಎತ್ತುತ್ತೇನೆ. ಫೀಸು ಇನ್ನೂರು ರೂಪಾಯಿ. ಕಡಿಮೆಯಾಯಿತೆಂದು ಅನುಮಾನ ಬಂದರೆ ಡಾಲರಿನಲ್ಲೇ ಕೊಡಿ.